ದೇವತ್ತೆಯ ಭಾನುವಾರದ ವಾರ್ತೆ

ನಮ್ಮಪ್ಪ ಯಾರ ಮುಲಾಜಿಗೂ ಮಿಲ್ಲು ನಿಲ್ಲಿಸುವ ಆಸಾಮಿಯಲ್ಲ. ನರಸೀಪುರದ ನಮ್ಮ ಮನೆಯ ಮುಂಭಾಗದಲ್ಲಿ ಹಿಟ್ಟಿನ ಮಿಲ್ಲು, ಅದರ ಹಿಂದಿನ ನಡುಮನೆಯಲ್ಲಿ ಟಿ.ವಿ. ಎರಡಕ್ಕೂ ಒಂದೇ ಕರೆಂಟು, ಆದರೆ ಒಂದಕ್ಕೊಂದು ಆಗಿಬರುತ್ತಿರಲಿಲ್ಲ. ಮಿಲ್ಲು ಶುರುವಾಯಿತೆಂದರೆ ಟಿ.ವಿ.ಯೊಳಗಿದ್ದವರೆಲ್ಲ ಕುಗ್ಗಿ, ಅಡ್ಡಡ್ಡ ಸೀಳಿ, ಗಡಗಡ ನಡುಗತೊಡಗುತ್ತಿದ್ದರು. ಸಿನಿಮಾದ ನಡುವೆ ಯಾರಾದರೂ ರಾಗಿ ಚೀಲ ಹೊತ್ತು ಬಂದರೆ ಆ ಸಿನಿಮಾದ ಕಥೆ ನಮ್ಮ ಪಾಲಿಗೆ ಅಲ್ಲಿಗೇ ಮುಗಿಯಿತು. ಕ್ರಿಕೆಟ್ ನೋಡಲು ಕಿಟಕಿಗೆ ಜೋತುಬಿದ್ದ ಬೀದಿಯ ಹೈಕಳು ‘ಕೊನೇ ಓವರ್ ಮಾಮ, ಒಂಚೂರು ನಿಲ್ಸಿ’ ಎಂದು ಗೋಗರೆದರೂ ಅಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೊಟ್ಟೆಗೆ ಹಾಕುವ ಹಿಟ್ಟು ಮೊದಲು, ಮಿಕ್ಕಿದ್ದು ಆಮೇಲೆ ಎನ್ನುವವನು. ಅಂಥವನು ಭಾನುವಾರ ಮಧ್ಯಾಹ್ನ ಮಾತ್ರ ತಾನಾಗಿಯೇ ಹೋಗಿ ಸ್ವಿಚ್ಚು ಆರಿಸುತ್ತಿದ್ದ. ಬೆಲ್ಟು ಸುತ್ತಿ ಸುತ್ತಿ ನಿಲ್ಲುತ್ತಿತ್ತು, ಗಾಳಿಯಲ್ಲಿದ್ದ ಹಿಟ್ಟಿನ ಧೂಳು ಮೆಲ್ಲಗೆ ಇಳಿಯುತ್ತಿತ್ತು. ಪಾಳಿಯಲ್ಲಿ ಕೂತಿದ್ದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

“ಯಾಕಣ್ಣ ನಿಲ್ಸ್‌ಬುಟ್ಟೆ? ಕರೆಂಟು ಐತಲ್ಲ?”

“ನಮ್ ತಂಗೀದು ವಾರ್ತೆ ಐತೆ. ಒಳೀಕೆ ಬಂದು ಕುಂತ್ಕಳಿ, ನೀವೂ ನೋಡಿ.”

ಆ ತಂಗಿಯೇ ನಮ್ಮ ದೇವತ್ತೆ. ರೇಷನ್ ಕಾರ್ಡಿನಲ್ಲಿ ದೇವಮ್ಮಣ್ಣಿ ಎಂದಿತ್ತು. ಆ ಹೆಸರನ್ನು ಅವಳು ಒಂದು ದಿನವೂ ಕೇಳಿದವಳಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸದು, ಹಾಗಾಗಿ ಮಾತೂ ಬರಲಿಲ್ಲ. ಚಿಕ್ಕವಳಿದ್ದಾಗ ಸ್ಕೂಲಿಗೆ ಕರೆದುಕೊಂಡು ಹೋಗಿದ್ದರಂತೆ, ಇವಳಿಗೆ ನಾವೇನು ಕಲಿಸುವುದು ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದ್ದರಂತೆ. ಬೀದಿಯವರು ಹಿಂದಿನಿಂದ ‘ಮೂಗಿ’ ಎನ್ನುತ್ತಿದ್ದರು. ಅಪ್ಪನ ಎದುರಿಗೇ ಹಾಗೆಂದವನೊಬ್ಬನ ರಾಗಿ ಚೀಲವನ್ನು ಅಪ್ಪ ಎತ್ತಿ ಬೀದಿಯಲ್ಲಿ ಇಟ್ಟುಬಂದಿದ್ದ. ಮನೆಯೊಳಗೆ ಮಾತ್ರ ಅತ್ತೆಗೆ ಮಾತಿಗೇನೂ ಬರವಿರಲಿಲ್ಲ. ನಮಗೆಲ್ಲ ಒಂದೊಂದು ಹೆಸರನ್ನು ಅವಳೇ ಕೈಯಲ್ಲಿ ಕಟ್ಟಿಟ್ಟಿದ್ದಳು. ಮೂರು ಬೆರಳನ್ನು ಹಣೆಯ ಮೇಲೆ ಅಡ್ಡ ಎಳೆದರೆ ವಿಭೂತಿಯ ಅಜ್ಜಿ. ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡರೆ ಅಪ್ಪ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಅವ್ವ. ನನಗೆ ವರ್ಷವಿಡೀ ನೆಗಡಿ ಇರುತ್ತಿದ್ದರಿಂದ ಮೂಗು ಹಿಂಡಿ ತೋರಿಸಿದರೆ ಅದು ನಾನು. ನನ್ನ ಮದುವೆಯ ಮಂಟಪದಲ್ಲೂ ಅವಳು ಎಲ್ಲರೆದುರು ಮೂಗು ಹಿಂಡಿ ನನ್ನನ್ನು ಕರೆದಿದ್ದಳು. ಅವಳನ್ನು ನಾವು ಕರೆಯಬೇಕೆಂದರೆ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಗುದ್ದುತ್ತಿದ್ದೆವು. ಅದು ಅವಳ ಅಂಗಾಲಿಗೆ ಹೇಗೆ ಗೊತ್ತಾಗುತ್ತಿತ್ತೋ ಆ ಶಿವನೇ ಬಲ್ಲ, ಅಡುಗೆಮನೆಯಲ್ಲಿದ್ದವಳು ತಟ್ಟನೆ ತಿರುಗುತ್ತಿದ್ದಳು. ಮಿಲ್ಲು ಓಡುವಾಗ ಮಾತ್ರ ನೆಲವೆಲ್ಲ ಅದುರಿ ಈ ಗುದ್ದು ತಲುಪುತ್ತಿರಲಿಲ್ಲ, ಆಗ ಹತ್ತಿರ ಹೋಗಿ ಭುಜ ಮುಟ್ಟಬೇಕಿತ್ತು.

ಭಾನುವಾರ ಮಧ್ಯಾಹ್ನ ಕಿವಿ ಕೇಳಿಸದವರಿಗೆಂದೇ ದೆಹಲಿಯಿಂದ ಒಂದು ವಾರ್ತೆ ಬರುತ್ತಿತ್ತು. ಓದುವವರದು ನಮಗೆ ತಿಳಿಯದ ಭಾಷೆ. ಅವರ ಪಕ್ಕದಲ್ಲೊಬ್ಬ ಹೆಂಗಸು ಕೈಯಲ್ಲೇ ಎಲ್ಲವನ್ನೂ ಹೇಳುತ್ತಿದ್ದಳು. ಮೊದಲನೇ ಸಲ ಅದು ಕಂಡಾಗ ಅತ್ತೆ ಅಕ್ಕಿ ಆರಿಸುತ್ತಿದ್ದಳಂತೆ. ಮೊರ ಕೈಜಾರಿ ಅಕ್ಕಿಯೆಲ್ಲ ಚೆಲ್ಲಿದರೂ ನೋಡಲಿಲ್ಲ, ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತುಬಿಟ್ಟಳಂತೆ. ಅದರ ಮಾರನೇ ವಾರದಿಂದ ಅವಳ ಭಾನುವಾರವೇ ಬೇರೆಯಾಯಿತು. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಗಂಜಿ ಹಾಕಿದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮನೆಗೆ ನೆಂಟರು ಬರುವವರಿದ್ದಾರೆ ಎನ್ನುವಂತೆ ಚಾಪೆ ಹಾಸಿ ಕೂರುತ್ತಿದ್ದಳು. ವಾರ್ತೆ ಮುಗಿದು ಆ ಹೆಂಗಸು ಕೈ ಮುಗಿದರೆ ಇವಳೂ ಮುಗಿಯುತ್ತಿದ್ದಳು. ಆಮೇಲೆ ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಗದ್ದ ಮೇಲೆತ್ತಿ ಕೇಳುತ್ತಿದ್ದಳು: ಊಟ ಆಯ್ತಾ? ನಮ್ಮ ಕಡೆ ಮನೆಗೆ ಬಂದವರನ್ನು ಕೇಳುವ ಮೊದಲ ಮಾತೇ ಅದು. ಅಷ್ಟರಲ್ಲಿ ಬೇರೆ ಕಾರ್ಯಕ್ರಮ ಶುರುವಾಗಿರುತ್ತಿತ್ತು. ಅತ್ತೆ ಇನ್ನೂ ಸ್ವಲ್ಪ ಹೊತ್ತು ಗದ್ದ ಎತ್ತಿಕೊಂಡೇ ಕಾಯುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಅದೊಂದೇ, ಆ ಹೆಂಗಸಿನಿಂದ ಒಂದು ಉತ್ತರ. ‘ನೀನು ಅವಳಿಗೆ ಕಾಣುವುದಿಲ್ಲ’ ಎಂದು ನಾನು ಕಣ್ಣು ಮುಚ್ಚಿ ತೋರಿಸಿ ತಿಳಿಸಲು ಹೋದೆ. ಅತ್ತೆ ನನ್ನ ಕೈ ಸರಿಸಿ, ಬರುವ ವಾರ ಕಾಣುತ್ತೇನೆ ಎನ್ನುವಂತೆ ಕೈ ಮುಂದಕ್ಕೆ ಚಾಚಿದಳು. ನನಗೆ ಅಳು ಬಂತು.

ಈಗ ಅಜ್ಜಿಯ ಕಾರುಬಾರು ಹೇಳಬೇಕು. ದೆಹಲಿಯ ಹೆಂಗಸಿನ ಕೈಮಾತು ಅತ್ತೆಗೆ ಅರ್ಥವಾಗುತ್ತದೆ, ಅತ್ತೆಯ ಕೈಮಾತು ತನಗೆ ಅರ್ಥವಾಗುತ್ತದೆ ಎನ್ನುವುದರಲ್ಲಿ ಅಜ್ಜಿಗೆ ಯಾವ ಅನುಮಾನವೂ ಇರಲಿಲ್ಲ. ನಮಗೂ ಇರಲಿಲ್ಲ. ವಾರ್ತೆ ನಡೆಯುತ್ತಿರುವಾಗಲೇ ಅತ್ತೆ ನಮ್ಮ ಕಡೆ ತಿರುಗಿ ಕೈಯಲ್ಲಿ ಹೇಳುವಳು, ಅಜ್ಜಿ ಅದನ್ನು ಗಟ್ಟಿಯಾಗಿ ಕನ್ನಡಕ್ಕೆ ಇಳಿಸುವಳು. ಹಿಟ್ಟಿಗೆ ಬಂದವರು ಬಾಯಿ ಬಿಟ್ಟುಕೊಂಡು ಕೇಳುವರು. ಊರಿನ ಟಿ.ವಿ.ಗಳಲ್ಲೆಲ್ಲ ಬರುತ್ತಿದ್ದ ವಾರ್ತೆಗಿಂತ ನಮ್ಮ ಮನೆಯ ವಾರ್ತೆಯೇ ಚೆನ್ನ ಎಂದು ಹೆಸರಾಗಿ, ಕೆಲವರು ಬೇಕೆಂದೇ ಭಾನುವಾರ ಹೊತ್ತು ನೋಡಿ ರಾಗಿ ತರುತ್ತಿದ್ದರು. ಕಪಿಲೆಯ ದಂಡೆಯ ಹಳ್ಳಿಯ ಕೆಂಪಣ್ಣ ಅಂಥವರಲ್ಲೊಬ್ಬ. ಒಂದು ಮಳೆಗಾಲದ ಭಾನುವಾರ ಅತ್ತೆ ಎರಡೂ ಕೈಯಲ್ಲಿ ನೀರು ತೋರಿಸಿ, ಮೆಟ್ಟಿಲು ಹತ್ತುವಂತೆ ಮೇಲೆ ಮೇಲೆ ಎತ್ತಿ, ಮರವೊಂದು ತೇಲಿಹೋಗುವುದನ್ನು ತೋರಿಸಿದಳು.

“ಹೊಳೆ ಏರ್ತಾ ಅದಂತೆ ಕಣ್ರಪ್ಪ,” ಎಂದಳು ಅಜ್ಜಿ. “ಮರಗಿರ ಎಲ್ಲಾನು ಎಳ್ಕಂಡು ಬತ್ತಾ ಅದಂತೆ.”

“ಯಾವ್ ಹೊಳೆ ಕೇಳವ್ವ,” ಎಂದ ಕೆಂಪಣ್ಣ.

ಅತ್ತೆಗೆ ಕಪಿಲೆಯೂ ಕಾವೇರಿಯೂ ಬೇರೆ ಬೇರೆ. ನಮ್ಮೂರಲ್ಲಿ ಅವೆರಡೂ ಕೂಡುವಲ್ಲಿ ನಿಂತರೆ ಎಡಗೈ ಕಾವೇರಿ, ಬಲಗೈ ಕಪಿಲೆ. ಅವಳು ಬಲಗೈ ಎತ್ತಿದಳು. ಕೆಂಪಣ್ಣ ಅರ್ಧ ಬೀಸಿದ ರಾಗಿಯನ್ನು ಅಲ್ಲೇ ಬಿಟ್ಟು ಓಡಿದ. ದೆಹಲಿಯಲ್ಲಿ ಕೂತವರು ನಮ್ಮ ಹೊಳೆಯ ಸುದ್ದಿ ಹೇಳುತ್ತಿದ್ದಾರಲ್ಲ ಎಂದು ಮಿಕ್ಕವರೆಲ್ಲ ಟಿ.ವಿ.ಯನ್ನೇ ಬೆರಗಾಗಿ ನೋಡಿದರು. ಅವನು ದನಗಳನ್ನು ದಿಬ್ಬದ ಮೇಲಿನ ಭಾವಮೈದನ ಮನೆಗೆ ಹೊಡೆದುಕೊಂಡು ಹೋಗಿ ಕಟ್ಟಿದ್ದಾಯಿತು, ಮಾರನೇ ದಿನ ಬೆಳಗಾಗುವಷ್ಟರಲ್ಲಿ ಅವನ ಕೊಟ್ಟಿಗೆಯಲ್ಲಿ ಸೊಂಟಮಟ್ಟ ನೀರು. ಮುಂದಿನ ಭಾನುವಾರ ಕೆಂಪಣ್ಣ ಒಂದು ಗೊನೆ ಬಾಳೆಹಣ್ಣು ಹೊತ್ತು ತಂದ. ತಂದವನು ಅತ್ತೆಯನ್ನು ದಾಟಿಕೊಂಡು ನೆಟ್ಟಗೆ ಟಿ.ವಿ.ಯ ಮುಂದೆ ಇಟ್ಟು, ಆ ದೆಹಲಿಯ ಹೆಂಗಸಿಗೆ ಕೈ ಮುಗಿದ.

“ನಿನ್ನಿಂದ ನನ್ ದನ ಉಳ್ಕಂಡೊ ಕಣವ್ವ ತಾಯಿ.”

ದೇವತ್ತೆ ನಕ್ಕಳು ನೋಡಿ, ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಎದ್ದು ಗೊನೆಯಿಂದ ಹಣ್ಣು ಮುರಿದು ಎಲ್ಲರಿಗೂ ಕೊಟ್ಟಳು, ಕೆಂಪಣ್ಣನಿಗೆ ಎರಡು.

ಆಮೇಲೆ ಕೇಬಲ್ಲು ಬಂತು. ಮಾಳಿಗೆಯ ಮೇಲಿನ ಆಂಟೆನಾ ಇಳಿಯಿತು, ಬೀದಿಯುದ್ದಕ್ಕೂ ಕರಿಯ ವಯರು ಎಳೆದರು. ಒಂದೇ ಪೆಟ್ಟಿಗೆಯಲ್ಲಿ ಅಷ್ಟೊಂದು ಚಾನೆಲ್ಲು ನೋಡಿ ನಾನಂತೂ ಹಬ್ಬ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಆ ಗದ್ದಲದಲ್ಲಿ ಸರ್ಕಾರದ ಚಾನೆಲ್ಲು ಎಲ್ಲೋ ಕೊನೆಗೆ ಹೋಗಿ, ಮಸುಕಾಗಿ, ಒಂದು ದಿನ ಹೊತ್ತೂ ಬದಲಾಗಿ, ಅತ್ತೆಯ ವಾರ್ತೆ ಕೈತಪ್ಪಿತು. ಅಪ್ಪ ಆಮೇಲೂ ಎಷ್ಟೋ ಭಾನುವಾರ ಮಿಲ್ಲು ನಿಲ್ಲಿಸಿದ. ಅತ್ತೆ ಸೀರೆ ಉಟ್ಟು, ಹೂ ಮುಡಿದು, ರಿಮೋಟು ಹಿಡಿದು ಒಂದೊಂದೇ ಚಾನೆಲ್ಲು ದಾಟಿಸುತ್ತ ಹೋಗುತ್ತಿದ್ದಳು. ಎಲ್ಲದರಲ್ಲೂ ಬಾಯಿಗಳು, ಬರೀ ಬಾಯಿಗಳು. ಕೊನೆಯ ಚಾನೆಲ್ಲು ಮುಗಿದ ಮೇಲೆ ಮತ್ತೆ ಮೊದಲಿನಿಂದ. ‘ಆ ಕೈ ಆಡ್ಸೋ ಅಮ್ಮ ಎಲ್ಲೋದ್ಲೋ’ ಎಂದು ಅಜ್ಜಿ ವಾರವಾರವೂ ಕೇಳುತ್ತಿದ್ದಳು. ಒಂದು ದಿನ ಅತ್ತೆ ರಿಮೋಟನ್ನು ಅಪ್ಪನ ಕೈಗೆ ಕೊಟ್ಟು ಹೋಗಿ ಪಾತ್ರೆ ತೊಳೆಯತೊಡಗಿದಳು. ಅಪ್ಪ ಎದ್ದು ಮಿಲ್ಲು ಹಾಕಿದ.

ಅಜ್ಜಿ ಹೋದಳು. ಅಂಗಡಿಗಳಲ್ಲಿ ಪ್ಯಾಕೆಟ್ಟಿನ ಹಿಟ್ಟು ಬಂದು ಮಿಲ್ಲಿಗೆ ಬರುವವರು ಕಮ್ಮಿಯಾದರು. ನಂಜನಗೂಡಿನ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತೆಂದು ಮಿಲ್ಲು ಮಾರಿ ನಾವೆಲ್ಲ ಅಲ್ಲಿಗೆ ಬಂದೆವು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ. ಬಂದ ವಾರವೇ ಕೆಳಗಿನ ಮನೆಯ ಯಜಮಾನಮ್ಮ ಮೆಟ್ಟಿಲು ಹತ್ತಿ ಬಂದರು.

“ಏನವ್ವ, ಮ್ಯಾಲೆ ಒನಕೆ ಹಿಡ್ಕಂಡು ಕುಟ್ತಾ ಇದೀರಾ? ನಮ್ ತಲೆ ಮ್ಯಾಲೇ ಬಿದ್ದಂಗ್ ಆಯ್ತದೆ.”

ನೆಲಕ್ಕೆ ಗುದ್ದುವುದು ಅಂದಿಗೆ ನಿಂತಿತು. ಲೈಟಿನ ಸ್ವಿಚ್ಚು ಹಾಕಿ ಆರಿಸಿ ಕರೆಯುವುದನ್ನು ರೂಢಿ ಮಾಡಿಕೊಂಡೆವು, ಹಗಲು ಹೊತ್ತಿನಲ್ಲಿ ಅದು ಅವಳಿಗೆ ಕಾಣುತ್ತಲೇ ಇರಲಿಲ್ಲ. ನಾನು ಕೆಲಸಕ್ಕೆ ಹೋದರೆ, ಅಪ್ಪ ಅವ್ವ ಪೇಟೆಗೆ ಹೋದರೆ, ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅತ್ತೆಯನ್ನು ಯಾರೂ ಕರೆಯುತ್ತಿರಲಿಲ್ಲ. ಅವಳು ಕಿಟಕಿಯ ಹತ್ತಿರ ಕೂತು ದೇವಸ್ಥಾನಕ್ಕೆ ಬರುವ ಜನರ ಕೈಗಳನ್ನು ನೋಡುತ್ತಿದ್ದಳು. ಮುಖವನ್ನಲ್ಲ, ಕೈಗಳನ್ನು.

ಮನೆಗೆ ಕಂಪ್ಯೂಟರು ತಂದದ್ದು ನನ್ನ ಆಫೀಸಿನ ಕೆಲಸಕ್ಕೆಂದು. ಫೋನಿನ ವಯರಿನಲ್ಲೇ ಇಂಟರ್‌ನೆಟ್ಟು ಬರುತ್ತದೆ ಎಂದಾಗ ಅಪ್ಪ ವಯರನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, ಇಷ್ಟರೊಳಗೆ ಏನು ಹಿಡಿಸುತ್ತದೆ ಎಂದ. ಒಂದು ಸಂಜೆ ಹಾಗೇ ಹೊಳೆಯಿತು, ಕೈಮಾತು ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿದೆ. ಸಾಲಾಗಿ ಬಂದವು ವಿಡಿಯೋಗಳು. ಓಡಿಹೋಗಿ ಅತ್ತೆಯ ಕೈ ಹಿಡಿದು ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆ. ಬಿಳಿ ಗೋಡೆಯ ಮುಂದೆ ನಿಂತು ಒಬ್ಬ ಹೆಂಗಸು ಕೈಮಾತು ಕಲಿಸುತ್ತಿದ್ದಳು. ಅವಳ ಪಕ್ಕದಲ್ಲಿ ವಾರ್ತೆ ಓದುವವರಿಲ್ಲ, ಯಾರೂ ಇಲ್ಲ. ನರಸೀಪುರದಲ್ಲಿ ದೆಹಲಿಯವಳು ತೆರೆಯ ಒಂದು ಪಕ್ಕಕ್ಕೆ ಸೇರಿಕೊಂಡಿರುತ್ತಿದ್ದಳು, ಇವಳು ತೆರೆಯ ತುಂಬ ನಿಂತಿದ್ದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗಿನ ಇಂಟರ್‌ನೆಟ್ಟು ಎಂದರೆ ಗೊತ್ತಲ್ಲ, ಸ್ವಲ್ಪ ಓಡಿ ನಿಂತುಬಿಡುವುದು. ನಡುವೆ ಒಂದು ಚಕ್ರ ಸುತ್ತುತ್ತ ಕೂರುವುದು. ಆ ಹೆಂಗಸು ಕೈ ಎತ್ತಿದವಳು ಹಾಗೇ ಸ್ತಬ್ಧಳಾದಳು. ನಾನು ಥೂ ಎಂದು ವಯರು ಅಲ್ಲಾಡಿಸಲು ಬಗ್ಗಿದೆ. ಅತ್ತೆ ಮಾತ್ರ ಬೇರೆಯೇ ತಿಳಿದುಕೊಂಡಳು. ಇಷ್ಟು ವರ್ಷ ಟಿ.ವಿ.ಯ ಹೆಂಗಸು ಯಾವತ್ತೂ ಅತ್ತೆಗಾಗಿ ನಿಂತವಳಲ್ಲ. ಇವಳು ನಿಂತಿದ್ದಾಳೆ, ಅಂದರೆ ನನ್ನ ಮಾತಿಗೆ ಕಾಯುತ್ತಿದ್ದಾಳೆ ಎಂದುಕೊಂಡು ಸೆರಗು ಸರಿಮಾಡಿಕೊಂಡು, ಐದು ಬೆರಳು ಕೂಡಿಸಿ, ಗದ್ದ ಎತ್ತಿ ಕೇಳಿಯೇಬಿಟ್ಟಳು: ಊಟ ಆಯ್ತಾ? ಆ ಗಳಿಗೆಗೇ ಚಕ್ರ ಹೋಯಿತು, ಹೆಂಗಸು ನಕ್ಕು ಮುಂದಿನ ಪಾಠಕ್ಕೆ ಹೋದಳು. ಅತ್ತೆ ನನ್ನ ತೋಳನ್ನು ಹಿಡಿದ ಬಿಗಿ ಇನ್ನೂ ನನಗೆ ನೆನಪಿದೆ. ನಕ್ಕಳು ನೋಡಿದೆಯಾ, ನಕ್ಕಳು ಎಂದು ತನ್ನ ತುಟಿಯನ್ನೇ ಬೆರಳಿನಿಂದ ಅಗಲಿಸಿ ತೋರಿಸಿದಳು. ಇದು ಹಾಗಲ್ಲ ಎಂದು ಹೇಳುವ ಕಲ್ಲುಮನಸ್ಸು ನನಗಿರಲಿಲ್ಲ. ಬದಲಿಗೆ ಯಾವ ಕೀಲಿ ಒತ್ತಿದರೆ ಅವಳು ನಿಲ್ಲುತ್ತಾಳೆ, ಯಾವುದು ಒತ್ತಿದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಾಳೆ ಎನ್ನುವುದನ್ನು ತೋರಿಸಿಕೊಟ್ಟೆ. ಅತ್ತೆ ಕೀಲಿ ಒತ್ತಿದಳು, ಹೆಂಗಸು ನಿಂತಳು. ಮತ್ತೆ ಒತ್ತಿದಳು, ಹೊರಟಳು. ಹಿಂದಕ್ಕೆ ಕರೆದಳು, ಬಂದಳು. ನರಸೀಪುರದ ಟಿ.ವಿ.ಯ ಮುಂದೆ ನಾವೆಲ್ಲ ಅದು ಹೇಳಿದ ಹೊತ್ತಿಗೆ ಬಂದು ಕೂತು, ಅದು ಎದ್ದಾಗ ಎದ್ದವರು. ಇಲ್ಲಿ ಅಂಥದ್ದೇ ಪೆಟ್ಟಿಗೆ ನಮ್ಮ ದೇವತ್ತೆಯ ಬೆರಳಿಗಾಗಿ ಕಾದು ನಿಂತಿತ್ತು.

ಆಮೇಲೊಂದು ದಿನ ಆ ಹೆಂಗಸು ಮಾಡಿದ ಒಂದು ಗುರುತು ನೋಡಿ ಥಟ್ಟನೆ ನೆನಪಾಯಿತು. ದೆಹಲಿಯವಳು ವಾರವಾರವೂ ಮಾಡುತ್ತಿದ್ದಳಲ್ಲ, ಅದೇ. ವಿಡಿಯೋ ನಿಲ್ಲಿಸಿ, ಇದೇನು ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಅಂಗೈ ತಿರುಗಿಸಿದಳು: ಗೊತ್ತಿಲ್ಲ. ಹಾಗಾದರೆ ಆಗ ಎಲ್ಲ ಹೇಳುತ್ತಿದ್ದೆಯಲ್ಲ? ಅವಳು ಎರಡೂ ಕೈ ಜೋಡಿಸಿ ನಮಸ್ಕಾರ ತೋರಿಸಿದಳು. ಅವಳಿಗೆ ತಿಳಿಯುತ್ತಿದ್ದದ್ದು ಅದೊಂದೇ. ಮತ್ತೆ ಕಪಿಲೆ? ನೀರು? ತೇಲುವ ಮರ? ಅತ್ತೆ ಬಟ್ಟೆ ಒಗೆಯುವಂತೆ ಮಾಡಿ, ತನ್ನ ಎರಡು ಕಣ್ಣು ಮುಟ್ಟಿ ತೋರಿಸಿದಳು. ಬೆಳಿಗ್ಗೆ ಹೊಳೆಯ ಸೋಪಾನದ ಮೆಟ್ಟಿಲಲ್ಲಿ ಬಟ್ಟೆ ಒಗೆಯುವಾಗ ಕಂಡದ್ದನ್ನು, ಬೀದಿಯಲ್ಲಿ ಕಂಡದ್ದನ್ನು, ಮಿಲ್ಲಿಗೆ ಬಂದವರ ಮುಖದಲ್ಲಿ ಕಂಡದ್ದನ್ನು ವಾರವೆಲ್ಲ ಕೂಡಿಟ್ಟುಕೊಂಡು, ಭಾನುವಾರ ದೆಹಲಿಯವಳ ಜೊತೆ ಕೂತು ಅವಳೂ ತನ್ನ ವಾರ್ತೆ ಓದುತ್ತಿದ್ದಳು. ನಾವು ಅದನ್ನು ದೇಶದ ಸುದ್ದಿ ಎಂದುಕೊಂಡು ಕೇಳಿದೆವು. ನಾನು ಬಾಯಿ ಬಿಟ್ಟು ಕೂತದ್ದನ್ನು ಕಂಡು ಅತ್ತೆಗೆ ಬಾಳೆಗೊನೆ ನೆನಪಾಯಿತೋ ಏನೋ, ಮತ್ತೆ ಅದೇ ನಗು, ಹೊಟ್ಟೆ ಹಿಡಿದುಕೊಂಡು.

ತಿಂಗಳುಗಟ್ಟಲೆ ಕಲಿತಳು. ಅಡುಗೆ ಮುಗಿಸಿ ಬಂದು ಕೂತರೆ ಒಂದೇ ಗುರುತನ್ನು ಸರಿಬರುವವರೆಗೆ ಮತ್ತೆ ಮತ್ತೆ ಮಾಡಿಸುವಳು. ಅವಳಿಂದ ನಾನೂ ಕಲಿತೆ, ಅವ್ವನೂ ಅಷ್ಟಿಷ್ಟು. ಪ್ರತಿ ಸಲ ವಿಡಿಯೋ ಮುಗಿದಾಗ ಮಾತ್ರ ಅದೇ ಪ್ರಶ್ನೆ ಕೇಳಿ, ಕಪ್ಪಾದ ತೆರೆಯನ್ನು ನೋಡುತ್ತ ಕೂರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ವಿಡಿಯೋದ ಕೆಳಗೆ ಬರೆಯಲು ಜಾಗವಿತ್ತು, ಬರೆದೆ: ನಮ್ಮತ್ತೆ ದಿನಾ ನಿಮಗೆ ಊಟ ಆಯ್ತಾ ಎಂದು ಕೇಳುತ್ತಾಳೆ. ಮಾರನೇ ದಿನ ಉತ್ತರ ಬಂತು. ಆಕೆ ರೋಸಿ ಟೀಚರ್, ಮಂಗಳೂರಿನ ಕಡೆಯವರು, ತಾವೂ ಕಿವಿ ಕೇಳಿಸದವರು. ‘ಅವರೇ ನನ್ನನ್ನು ಕೇಳಲಿ, ಭಾನುವಾರ ಮಧ್ಯಾಹ್ನ ಬಿಡುವಾಗಿರುತ್ತೇನೆ’ ಎಂದು ಬರೆದಿದ್ದರು. ಅವರಿಗೆ ನಮ್ಮ ಭಾನುವಾರದ ಸಂಗತಿ ಏನೂ ಗೊತ್ತಿರಲಿಲ್ಲ.

ಮೈಸೂರಿನಿಂದ ಸಣ್ಣದೊಂದು ಕ್ಯಾಮೆರಾ ತಂದು ಕಂಪ್ಯೂಟರಿನ ತಲೆಗೆ ಸಿಕ್ಕಿಸಿದೆ. ಆ ಭಾನುವಾರ ಅತ್ತೆ ತಲೆಗೆ ನೀರು ಹಾಕಿಕೊಂಡು, ಗಂಜಿ ಸೀರೆ ಉಟ್ಟು, ಎಷ್ಟೋ ವರ್ಷದ ಮೇಲೆ ಮಲ್ಲಿಗೆ ಮುಡಿದಳು. ಅಪ್ಪ ಎದ್ದು ಹೋಗಿ ಫ್ಯಾನು ಆರಿಸಿದ, ಫ್ರಿಜ್ಜಿನ ಪ್ಲಗ್ಗು ಕಿತ್ತ.

“ಯಾಕಪ್ಪ?” ಎಂದೆ.

“ವೋಲ್ಟೇಜು ಬ್ಯಾಡ್ವಾ ಮಗ? ಆಯಮ್ಮ ನಡುಗ್‌ಬುಟ್ರೆ?”

ತೆರೆಯಲ್ಲಿ ರೋಸಿ ಟೀಚರ್ ಬಂದರು. ಕೈ ಮುಗಿದರು, ಅತ್ತೆಯೂ ಮುಗಿದಳು. ಕಲಿತ ಹೊಸ ಮಾತೆಲ್ಲ ಮರೆತುಹೋಗಿ ಅತ್ತೆಯ ಕೈ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಐದು ಬೆರಳು ಬಾಯಿಗೆ, ಗದ್ದ ಮೇಲಕ್ಕೆ. ರೋಸಿ ಟೀಚರ್ ಹೊಟ್ಟೆ ಸವರಿಕೊಂಡು, ಆಯ್ತು, ಮೀನು ಎಂದು ಕೈಯನ್ನು ಈಜಿಸಿ ತೋರಿಸಿ, ನಿಮ್ಮದು ಎಂದು ಬೆರಳು ಮಾಡಿದರು. ನಮ್ಮದು ಮೀನು ಮುಟ್ಟದ ಮನೆ, ಅತ್ತೆ ಮೂಗು ಮುಚ್ಚಿಕೊಂಡು ಮುಖ ಕಿವುಚಿದಳು. ಅತ್ತ ರೋಸಿ ಟೀಚರ್ ನಕ್ಕರು, ಇತ್ತ ಇವಳು ನಕ್ಕಳು, ಇಬ್ಬರದೂ ಒಂದೇ ಗಳಿಗೆಯಲ್ಲಿ. ನಾನು ಅಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ಆಮೇಲೆ ಅವರು ಕೇಳಿದರು: ನಿಮ್ಮ ಹೆಸರೇನು?

ಮನೆಮಂದಿಗೆಲ್ಲ ಹೆಸರು ಕಟ್ಟಿಕೊಟ್ಟವಳಿಗೆ ಒಂದು ಕೈಹೆಸರು ಇರಲಿಲ್ಲ ಎನ್ನುವುದು ನಮಗೆ ಆಗಲೇ ತಿಳಿದದ್ದು. ಅತ್ತೆ ತನ್ನ ಕಾಲು ನೋಡಿಕೊಂಡಳು. ಹಿಮ್ಮಡಿಯಿಂದ ನೆಲಕ್ಕೆ ಮೆಲ್ಲಗೆ ಒಂದು ಸಲ ಗುದ್ದಿದಳು. ಅದು ಮಂಗಳೂರಿಗೆ ತಲುಪುವುದಿಲ್ಲ ಎಂದು ಅವಳಿಗೇ ಹೊಳೆಯಿತು. ಎಡಗೈಯನ್ನು ನೆಲದ ಹಾಗೆ ಮುಂದೆ ಚಾಚಿ, ಬಲಗೈ ಮುಷ್ಟಿ ಮಾಡಿ ಅದರ ಮೇಲೆ ಎರಡು ಸಲ ಗುದ್ದಿದಳು. ಆಮೇಲೆ ಎದೆ ಮುಟ್ಟಿಕೊಂಡಳು: ಇದು ನಾನು. ಹಾಗೆ ಹೇಳಿದವಳೇ ನಾಚಿಕೆಯೋ ಸಂಕಟವೋ ತಡೆಯಲಾಗದೆ ತೆರೆಗೆ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳತೊಡಗಿದಳು.

ತೆರೆಯಲ್ಲಿ ರೋಸಿ ಟೀಚರ್ ಎಡಗೈ ಚಾಚಿ, ಮುಷ್ಟಿಯಿಂದ ಎರಡು ಸಲ ಗುದ್ದಿದರು. ಮತ್ತೊಮ್ಮೆ ಗುದ್ದಿದರು. ಹುಟ್ಟಿದಾಗಿನಿಂದ ಅಂದಿನವರೆಗೆ ನಮ್ಮತ್ತೆಯನ್ನು ಹೆಸರು ಹಿಡಿದು ಕರೆದವರು ಅವರೊಬ್ಬರೇ, ಅದು ಅವಳಿಗೆ ಕಾಣುತ್ತಿಲ್ಲ. ಅಪ್ಪ ಎದ್ದು ನಿಂತ. ಕೆಳಗಿನ ಯಜಮಾನಮ್ಮ ಏನಾದರೂ ಅಂದುಕೊಳ್ಳಲಿ ಎಂದು ಹಿಮ್ಮಡಿ ಎತ್ತಿ ನೆಲ ಅದುರುವಂತೆ ಎರಡು ಸಲ ಗುದ್ದಿದ. ಅತ್ತೆ ತಟ್ಟನೆ ತಿರುಗಿದಳು. ಅವಳಿಗೆ ಕೇಳಿಸುವುದಿಲ್ಲ ಎಂಬುದನ್ನೂ ಮರೆತು ಅಪ್ಪ ತೆರೆಯ ಕಡೆ ಕೈ ತೋರಿಸಿ ಹೇಳಿದ:

“ಅಲ್ನೋಡವ್ವ. ನಿನ್ನ ಕರೀತಾವ್ರೆ.”